ಹಿಂದಿನ ಸೀಟಲ್ಲಿ ಕೂತವರಿಗೆ ದಾರಿ ಯಾಕೆ ಗೊತ್ತಾಗಲ್ಲ

ಬಹಳ ದಿನದಿಂದ ಒಂದು ವಿಷಯ ತಲೆ ಕೊರೀತಾ ಇದೆ. ಬೇರೆಯವರು ಓಡಿಸೋ ಕಾರಲ್ಲಿ ಹಿಂದೆ ಕೂತು ವರ್ಷಗಟ್ಟಲೆ ಓಡಾಡಿರೋ ದಾರಿ ಇರುತ್ತೆ, ಆದ್ರೆ ನಾಳೆ ನೀನೇ ಓಡಿಸ್ಕೊಂಡು ಹೋಗು ಅಂದ್ರೆ ಮೊದಲನೇ ಸಿಗ್ನಲ್ಲಲ್ಲೇ ಎಡಕ್ಕೋ ಬಲಕ್ಕೋ ಅಂತ ಹೊಳೆಯಲ್ಲ. ಅದೇ ನಾವೇ ಸ್ಟೀರಿಂಗ್ ಹಿಡಿದು, ಅಥವಾ ನಡ್ಕೊಂಡೇ, ಒಂದೆರಡು ಸಲ ಹೋಗಿಬಂದ ಜಾಗ ಎಷ್ಟೋ ಕಾಲ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಇದು ನನಗೊಬ್ಬಳಿಗೇ ಏನೋ ಅಂದ್ಕೊಂಡಿದ್ದೆ, ಕೇಳಿದವರೆಲ್ಲಾ ಹೌದು ನನಗೂ ಹಾಗೇ ಅಂದ್ರು. ವಿಚಿತ್ರ ಏನಪ್ಪಾ ಅಂದ್ರೆ, ಹಿಂದೆ ಕೂತವರಿಗೇ ನೋಡೋಕೆ ಪುರುಸೊತ್ತು ಜಾಸ್ತಿ. ಓಡಿಸೋರ ಕಣ್ಣು ಮುಂದಿನ ಗಾಡಿಯ ಬ್ರೇಕ್ ಲೈಟ್ ಮೇಲೆ, ಕನ್ನಡಿ ಮೇಲೆ, ಅಡ್ಡ ಬರೋ ಬೈಕ್ ಮೇಲೆ. ಹಿಂದಿನವರು ಕಿಟಕಿಗೆ ತಲೆ ಆನಿಸ್ಕೊಂಡು ಬೋರ್ಡು, ಮರ, ಬಾಲ್ಕನಿಯಲ್ಲಿ ಒಣಗ್ತಿರೋ ಬಟ್ಟೆ ಎಲ್ಲಾ ನೋಡ್ಕೊಂಡು ಹೋಗ್ತಾರೆ. ದಾರಿ ಅನ್ನೋದು ಕಣ್ಣಿಂದ ಕಲಿಯೋ ವಿಷಯವೇ ಆಗಿದ್ರೆ ಅವರಿಗೇ ಚೆನ್ನಾಗಿ ಗೊತ್ತಿರ್ಬೇಕಿತ್ತಲ್ವಾ?

ಗಮನ ಕೊಟ್ಟಿರಲ್ಲ ಬಿಡು ಅನ್ನೋದು ಎಲ್ಲರೂ ಕೊಡೋ ಉತ್ತರ. ಸ್ವಲ್ಪ ಸರಿ ಕೂಡ. ಓಡಿಸೋರು ತಿರುವಿನಲ್ಲಿ ನಿರ್ಧಾರ ತಗೋಬೇಕು, ಹಿಂದೆ ಕೂತವರಿಗೆ ಆ ಕಷ್ಟ ಇಲ್ಲ. ಆದ್ರೆ ನಿರ್ಧಾರ ಒಂದನ್ನೇ ಹಿಡ್ಕೊಂಡು ಎಲ್ಲಾ ವಿವರಿಸೋಕೆ ಆಗಲ್ಲ. ಬ್ರೌನ್ ಯೂನಿವರ್ಸಿಟಿಯಲ್ಲಿ ಎಲಿಜಬೆತ್ ಕ್ರಾಸ್ಟಿಲ್ ಮತ್ತೆ ವಿಲಿಯಂ ವಾರೆನ್ ಅಂತ ಇಬ್ಬರು ಇದನ್ನ ಬಿಡಿಸಿ ನೋಡೋಕೆ ಒಂದು ಪ್ರಯೋಗ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ತಲೆಗೆ ವಿಆರ್ ಹೆಡ್‌ಸೆಟ್ ಹಾಕಿ ಒಂದು ಚಕ್ರವ್ಯೂಹದೊಳಗೆ ಜನರನ್ನ ಬಿಟ್ರು. ಕೆಲವರು ತಾವೇ ನಡೆದ್ರು, ಕೆಲವರನ್ನ ವೀಲ್‌ಚೇರಲ್ಲಿ ಕೂರಿಸಿ ತಳ್ಕೊಂಡು ಹೋದ್ರು, ಇನ್ನು ಕೆಲವರಿಗೆ ಬರೀ ವಿಡಿಯೋ ತೋರಿಸಿದ್ರು. ಪ್ರತಿ ಗುಂಪಲ್ಲೂ ಅರ್ಧ ಜನಕ್ಕೆ ಎಲ್ಲಿ ತಿರುಗಬೇಕು ಅಂತ ತಾವೇ ತೀರ್ಮಾನ ಮಾಡೋ ಅವಕಾಶ, ಅರ್ಧ ಜನಕ್ಕೆ ಇಲ್ಲ. ಆಮೇಲೆ, ಇಲ್ಲಿಂದ ಆ ವಸ್ತು ನೇರವಾಗಿ ಯಾವ ದಿಕ್ಕಲ್ಲಿದೆ, ಗೋಡೆಗಳೇ ಇಲ್ಲ ಅಂದ್ಕೊಂಡು ಹೋಗಿ ತೋರಿಸಿ ಅಂದಾಗ, ಮುಂದೆ ಇದ್ದೋರು ನಡೆದವರು. ತೀರ್ಮಾನ ಮಾಡಿದ್ರಿಂದ ಈ ವಿಷಯದಲ್ಲಿ ಹೇಳ್ಕೊಳ್ಳೋ ಲಾಭ ಆಗ್ಲಿಲ್ಲ. ವೀಲ್‌ಚೇರಲ್ಲಿ ಕೂತವರು ವಿಡಿಯೋ ನೋಡಿದವರಿಗಿಂತ ಅಂಥಾ ಮುಂದೇನೂ ಇರ್ಲಿಲ್ಲ. ತೀರ್ಮಾನ ಮಾಡೋದ್ರ ಲಾಭ ಬೇರೆ ಕಡೆ ಇದೆ, ಯಾವ ಓಣಿ ಯಾವ ಓಣಿಗೆ ಸೇರುತ್ತೆ ಅನ್ನೋ ತರದ ತಿಳುವಳಿಕೆಯಲ್ಲಿ, ಅದನ್ನ ಈ ಇಬ್ಬರೇ ಆಮೇಲೆ ತೋರಿಸಿದ್ರು. ಆದ್ರೆ ಯಾವುದು ಎಷ್ಟು ದೂರ, ಯಾವ ದಿಕ್ಕು ಅನ್ನೋದಕ್ಕೆ ಕಾಲೇ ಬೇಕು ಅಂತಾಯ್ತು.

ಇದನ್ನ ಓದಿದ ಮೇಲೆ ನಾನು ತಲೆಯಲ್ಲಿ ಇಟ್ಕೊಂಡಿದ್ದ ಕ್ರಮಾನೇ ಉಲ್ಟಾ ಆಯ್ತು. ಮೊದಲು ಮೆದುಳಲ್ಲಿ ಒಂದು ನಕ್ಷೆ ತಯಾರಾಗುತ್ತೆ, ಆಮೇಲೆ ಅದನ್ನ ನೋಡ್ಕೊಂಡು ಕಾಲು ನಡೆಯುತ್ತೆ ಅಂತ ನಾನು ತಿಳ್ಕೊಂಡಿದ್ದೆ. ಈಗ ಅನ್ಸೋದು, ನಡೆಯೋದೇ ನಕ್ಷೆ ಬರೆಯೋ ಕೆಲಸ. ಕಾಲು ನಿಂತ್ರೆ ಬರವಣಿಗೆನೂ ನಿಲ್ಲುತ್ತೆ, ಪೂರ್ತಿ ಅಲ್ಲದಿದ್ರೂ ಬಹುಪಾಲು.

ಟವೆಲ್ ಸುತ್ತಿದ ಇಲಿ

ಹಿಪ್ಪೋಕ್ಯಾಂಪಸ್ (ನೆನಪಿಗೂ ಜಾಗದ ಗುರುತಿಗೂ ಬೇಕಾದ ಮೆದುಳಿನ ಒಂದು ಭಾಗ), ಪ್ಲೇಸ್ ಸೆಲ್, ಗ್ರಿಡ್ ಸೆಲ್ ಇದೆಲ್ಲಾ ಈಗ ಎಲ್ಲರೂ ಕೇಳಿರೋ ಕಥೆ, ಬೇಗ ದಾಟಿಬಿಡೋಣ. 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಜಾನ್ ಓಕೀಫ್ ಮತ್ತೆ ಜೊನಾಥನ್ ದೊಸ್ತ್ರೊವ್ಸ್ಕಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯೋ ನರಕೋಶಗಳನ್ನ, ಅಂದ್ರೆ ಪ್ಲೇಸ್ ಸೆಲ್‌ಗಳನ್ನ, ಹಿಪ್ಪೋಕ್ಯಾಂಪಸ್ಸಲ್ಲಿ ಕಂಡ್ರು. 2005ರಲ್ಲಿ ನಾರ್ವೆಯಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ತಂಡ ಪಕ್ಕದ ಎಂಟೊರೈನಲ್ ಕಾರ್ಟೆಕ್ಸಲ್ಲಿ ಇನ್ನೊಂದು ತರದ ಕೋಶ ಹಿಡಿದ್ರು, ಇಡೀ ನೆಲವನ್ನ ಸಮಬಾಹು ತ್ರಿಕೋನಗಳ ಹಾಗೆ ಹಂಚಿಕೊಂಡು ಪ್ರತಿ ಮೂಲೆಯಲ್ಲೂ ಮಿಡಿಯೋ ಕೋಶ, ಅದೇ ಗ್ರಿಡ್ ಸೆಲ್. 2014ರಲ್ಲಿ ಓಕೀಫ್‌ಗೂ ಮೋಸರ್ ದಂಪತಿಗೂ ನೊಬೆಲ್ ಬಂತು. ಈ ಕಥೆಯನ್ನ ಎಲ್ಲರೂ "ಮೆದುಳಿನ ಜಿಪಿಎಸ್" ಅಂತ ಹೇಳಿ ಮುಗಿಸ್ತಾರೆ. ನನಗೆ ಆ ಹೋಲಿಕೆ ಮೇಲೆ ಸ್ವಲ್ಪ ತಕರಾರಿದೆ. ಜಿಪಿಎಸ್ ಚಿಪ್ಪಿಗೆ ನೀವು ನಡೀತಿದ್ದೀರೋ ಯಾರಾದ್ರೂ ನಿಮ್ಮನ್ನ ಹೊತ್ಕೊಂಡು ಹೋಗ್ತಿದ್ದಾರೋ ಅನ್ನೋದು ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಮೆದುಳಿಗೆ ಅದೇ ಮುಖ್ಯ.

1989ರ ಒಂದು ಪ್ರಯೋಗ ಇದೆ, ಫಾಸ್ಟರ್, ಕ್ಯಾಸ್ಟ್ರೋ, ಮೆಕ್‌ನಾಟನ್ ಅನ್ನೋರದ್ದು. ಇಲಿಯನ್ನ ಟವೆಲಲ್ಲಿ ಬಿಗಿಯಾಗಿ ಸುತ್ತಿ, ಕೈಕಾಲು ಆಡಿಸೋಕೆ ಆಗದ ಹಾಗೆ ಮಾಡಿ, ಅದಕ್ಕೆ ಪರಿಚಯ ಇರೋ ಜಾಗದಲ್ಲೇ ಕೈಯಲ್ಲಿ ಹಿಡ್ಕೊಂಡು ಓಡಾಡಿಸಿದ್ರು. ಆ ಇಲಿಗೆ ಇದು ಮೊದಲೇ ಅಭ್ಯಾಸ ಮಾಡಿಸಿದ್ರು, ಹಾಗಾಗಿ ಹೆದರಿ ಒದ್ದಾಡ್ತಿರ್ಲಿಲ್ಲ. ಕಣ್ಣು ತೆರೆದಿತ್ತು, ಜಾಗ ಅದೇ, ಗೋಡೆ ಅದೇ. ಆದ್ರೂ ಅಲ್ಲಿ ಮಿಡಿಯಬೇಕಾಗಿದ್ದ ಪ್ಲೇಸ್ ಸೆಲ್‌ಗಳು ಹೆಚ್ಚೂಕಮ್ಮಿ ಸುಮ್ಮನಾಗಿಬಿಟ್ವು. ನಾನು ನಡೆಯೋಕೆ ಸಿದ್ಧ ಇಲ್ಲ ಅಂತ ದೇಹ ಹೇಳಿದ್ರೆ ನಾನು ಎಲ್ಲಿದ್ದೀನಿ ಅಂತ ಹೇಳೋ ಕೋಶವೂ ಬಾಯಿ ಮುಚ್ಕೊಳ್ಳುತ್ತೆ! ಇದೇ ಕೊನೇ ಮಾತು ಅಂತ ಅಲ್ಲ. ಅಷ್ಟು ಬಿಗಿಯಾಗಿ ಕಟ್ಟದೆ ಗಾಡಿಯಲ್ಲಿ ಕೂರಿಸಿ ಕರ್ಕೊಂಡು ಹೋದ ಬೇರೆ ಪ್ರಯೋಗಗಳಲ್ಲಿ ಪ್ಲೇಸ್ ಸೆಲ್ ಮಿಡಿದಿದೆ, ಆದ್ರೆ ಅದು ಮಿಡಿಯೋ ಜಾಗದ ಎಲ್ಲೆ ಅಗಲ ಆಗಿ ಜಾಗ ಅಷ್ಟು ಖಚಿತವಾಗಿ ಉಳಿದಿಲ್ಲ. 2005ರ ಒಂದು ಪ್ರಯೋಗದಲ್ಲಂತೂ ಇಲಿಗಳಿಗೆ ಪುಟ್ಟ ಗಾಡಿ ಓಡಿಸೋದನ್ನೇ ಕಲಿಸಿದ್ರು, ತಾವೇ ಓಡಿಸಿದ್ರೂ ನಡೆದಾಗಿನಷ್ಟು ಚೊಕ್ಕ ಇರ್ಲಿಲ್ಲ. ಅಂದ್ರೆ ನಾವು ಸ್ಟೀರಿಂಗ್ ಹಿಡಿದವರು ಹಿಂದಿನ ಸೀಟಿನವರ ಮೇಲೆ ಜಂಭ ಕೊಚ್ಚೋದು ಸರಿ, ನಡ್ಕೊಂಡು ಹೋಗೋರ ಮುಂದೆ ಅದು ನಡೆಯಲ್ಲ.

ಹಿಂದಿನ ಸೀಟಿನ ವಿಷಯಕ್ಕೆ ನೇರವಾಗಿ ಬರೋದು 2015ರ ಇನ್ನೊಂದು ಪ್ರಯೋಗ, ಜೆಫ್ರಿ ಟೌಬ್ ಅವರ ಲ್ಯಾಬಿಂದ. ಪಾರದರ್ಶಕವಾದ ಒಂದು ಸಣ್ಣ ತಳ್ಳುಗಾಡಿಯಲ್ಲಿ ಇಲಿ ಇಟ್ಟು ಸುತ್ತಾಡಿಸಿದ್ರು. ಒಳಗಿಂದ ಎಲ್ಲಾ ಕಾಣುತ್ತೆ. ತಲೆ ಯಾವ ಕಡೆ ತಿರುಗಿದೆ ಅನ್ನೋದನ್ನ ಹೇಳೋ ದಿಕ್ಕಿನ ಕೋಶಗಳು ಹೆಚ್ಚೂಕಮ್ಮಿ ಎಂದಿನಂತೆ ಕೆಲಸ ಮಾಡಿದ್ವು. ಗ್ರಿಡ್ ಸೆಲ್‌ಗಳ ತ್ರಿಕೋನ ಮಾತ್ರ ಕರಗಿಹೋಯ್ತು. ಕಾರಣಕ್ಕೆ ಅವರು ಬೆರಳು ತೋರಿಸಿದ್ದು ಥೀಟಾ ಅನ್ನೋ ಲಯದ ಕಡೆ. ಇಲಿ ಓಡಾಡುವಾಗ ಹಿಪ್ಪೋಕ್ಯಾಂಪಸ್ ಸುತ್ತಮುತ್ತ ಸೆಕೆಂಡಿಗೆ 6ರಿಂದ 10 ಸಲ ಏರಿಳಿಯೋ ವಿದ್ಯುತ್ ಅಲೆ ಇರುತ್ತೆ, ಓಟದ ವೇಗ ಹೆಚ್ಚಿದ ಹಾಗೆ ಅದೂ ಬದಲಾಗುತ್ತೆ, ಆ ಬದಲಾವಣೆಯಿಂದಲೇ ಮೆದುಳು ಎಷ್ಟು ವೇಗದಲ್ಲಿ ಹೋಗ್ತಿದ್ದೀನಿ ಅಂತ ಲೆಕ್ಕ ಹಾಕ್ತಿರಬಹುದು. ಗಾಡಿಯಲ್ಲಿ ಕೂತಾಗ ಥೀಟಾ ಇತ್ತು, ಆದ್ರೆ ಗಾಡಿಯ ವೇಗಕ್ಕೂ ಅದಕ್ಕೂ ಸಂಬಂಧ ಕಡಿದುಹೋಗಿತ್ತು. ನೋಡಿ, ಹಿಂದಿನ ಸೀಟಲ್ಲಿ ನನಗೆ ಆಗೋದೂ ಇದೇ ಇರಬೇಕು ಅಂತ ನನ್ನ ಅನುಮಾನ. ಯಾವ ಕಡೆ ಮುಖ ಮಾಡಿದ್ದೀವಿ ಅಂತ ಗೊತ್ತಿರುತ್ತೆ, ಎಷ್ಟು ದೂರ ಬಂದ್ವಿ ಅನ್ನೋದು ಕಳೆದುಹೋಗಿರುತ್ತೆ. ಇಲಿಯಿಂದ ಮನುಷ್ಯನಿಗೆ ಇಷ್ಟು ಸಲೀಸಾಗಿ ಹಾರಬಾರದು ಅಂತ ಗೊತ್ತಿದ್ದೂ ಹೇಳ್ತಿದ್ದೀನಿ.

ಕೈ ಬಿಡೇ

ನಮ್ಮಜ್ಜಿಗೆ ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿತ್ತು. ಆದ್ರೂ ಮನೆಯೊಳಗೆ ಕೋಲಿಲ್ದೆ ಓಡಾಡ್ತಿದ್ರು. ಗೋಡೆ ಸವರ್ಕೊಂಡು ಹೋಗೋ ಅಭ್ಯಾಸ ಅವರಿಗಿರ್ಲಿಲ್ಲ. ರೂಮಿನ ಬಾಗಿಲ ಚೌಕಟ್ಟನ್ನ ಬೆರಳಿನ ಹಿಂಭಾಗದಿಂದ ಒಂದು ಸಲ ಮುಟ್ಟಿ, ಹಾಲಿನ ನಡುವೆಯೇ ನೇರ ಹೋಗಿ, ಆ ಕಡೆ ಬಚ್ಚಲಿನ ಚೌಕಟ್ಟಿಗೆ ಸರಿಯಾಗಿ ಕೈ ಚಾಚೋರು, ಹುಡುಕ್ತಿರೋ ಹಾಗೆ ಕಾಣ್ತಿರ್ಲಿಲ್ಲ, ಅಲ್ಲೇ ಇರುತ್ತೆ ಅಂತ ಗೊತ್ತಿರೋ ಕೈ ಅದು. ಹಾಲಿನ ಮಧ್ಯ ಯಾರಾದ್ರೂ ನಿಲ್ಲಿಸಿ ಮಾತಾಡ್ಸಿದ್ರೆ ಮಾತ್ರ ಕಷ್ಟ. ಆ ಕಡೆ ಈ ಕಡೆ ತಿರುಗಿ ಮಾತಾಡಿ ಮುಗಿಸಿದ ಮೇಲೆ ಅಲ್ಲಿಂದಲೇ ಮುಂದೆ ಹೋಗ್ತಿರ್ಲಿಲ್ಲ. ನಿಧಾನಕ್ಕೆ ಹತ್ತಿರದ ಗೋಡೆ ಹಿಡ್ಕೊಂಡು, ವಾಪಸ್ ಮೊದಲಿನ ಚೌಕಟ್ಟಿಗೇ ಬಂದು, ಮತ್ತೆ ಬೆರಳು ತಾಗಿಸಿ, ಹೊಸದಾಗಿ ಶುರು ಮಾಡೋರು. ನನಗೆ ಆಗ ಇದು ಹಠ ಅನ್ನಿಸ್ತಿತ್ತು. ಇಲ್ಲಿಂದ ಇನ್ನು ನಾಲ್ಕು ಹೆಜ್ಜೆ ಅಷ್ಟೇ ಅಜ್ಜಿ, ಬನ್ನಿ ಅಂತ ತೋಳು ಹಿಡಿದು ಕರ್ಕೊಂಡು ಹೋಗೋಕೆ ನೋಡಿದ್ರೆ ಕೊಸರಾಡೋರು. "ಕೈ ಬಿಡೇ, ನೀನು ಹಿಡ್ಕೊಂಡ್ರೆ ನಂಗೆ ದಿಕ್ಕೇ ತಪ್ಪಿಹೋಗತ್ತೆ." ಕಣ್ಣಿಲ್ಲದವರನ್ನ ಕಣ್ಣಿರೋರು ಕರ್ಕೊಂಡು ಹೋದ್ರೆ ದಿಕ್ಕು ತಪ್ಪೋದು ಹೇಗೆ ಅಂತ ನಾವು ಮೊಮ್ಮಕ್ಕಳು ನಗ್ತಿದ್ವಿ.

ಆ ಚೌಕಟ್ಟು ಮುಟ್ಟೋದಕ್ಕೆ ಎಷ್ಟು ಅರ್ಥ ಇತ್ತು ಅಂತ ಈಗ ಅನ್ಸುತ್ತೆ. ಹೆಜ್ಜೆ ಮೇಲೆ ಹೆಜ್ಜೆ ಕೂಡಿಸ್ತಾ ಇಲ್ಲಿದ್ದೀನಿ ಅಂತ ಲೆಕ್ಕ ಇಡೋದ್ರಲ್ಲಿ ಒಂದು ದೊಡ್ಡ ತೊಂದರೆ ಇದೆ, ಪ್ರತಿ ಹೆಜ್ಜೆಯ ಸಣ್ಣ ತಪ್ಪೂ ಕೂಡ್ತಾ ಹೋಗುತ್ತೆ. 2015ರಲ್ಲಿ ಹಾರ್ಡ್‌ಕ್ಯಾಸಲ್, ಗಂಗೂಲಿ, ಜಿಯೊಕೊಮೊ ಅನ್ನೋರು ಗ್ರಿಡ್ ಸೆಲ್‌ಗಳಲ್ಲಿ ಇದನ್ನೇ ಕಂಡ್ರು. ಬಯಲಲ್ಲಿ ಓಡಾಡೋ ಪ್ರಾಣಿ ಗೋಡೆ ಮುಟ್ಟಿ ಎಷ್ಟು ಹೊತ್ತಾಗಿರುತ್ತೋ ಅಷ್ಟು ಅದರ ಗ್ರಿಡ್ ಜಾಗ ಬಿಟ್ಟು ಜಾರಿರುತ್ತೆ, ಗೋಡೆಗೆ ಬಂದ ಕೂಡಲೇ ತಪ್ಪು ತಿದ್ದಿಕೊಳ್ಳುತ್ತೆ. ಇನ್ನು ತೋಳು ಹಿಡಿದು ಎಳ್ಕೊಂಡು ಹೋದಾಗ ಹೆಜ್ಜೆ ಅಜ್ಜಿಯದೇ, ಆದ್ರೆ ಎಷ್ಟು ಉದ್ದ ಹಾಕಬೇಕು, ಯಾವಾಗ ತಿರುಗಬೇಕು ಅನ್ನೋದು ನನ್ನದು. ಅವರ ಮೆದುಳು ಕಾಲಿಗೆ ಕಳಿಸಿದ ಆಜ್ಞೆಗೂ ಕಾಲಿಂದ ಬಂದ ಸುದ್ದಿಗೂ ತಾಳೆ ಆಗ್ತಿರ್ಲಿಲ್ಲ.

ಈ ತಾಳೆ ನೋಡೋ ಕೆಲಸದಲ್ಲಿ ಸೆರೆಬೆಲ್ಲಮ್, ಅಂದ್ರೆ ತಲೆಯ ಹಿಂಭಾಗದ ಕಿರುಮೆದುಳು, ಬರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅದು ಬ್ಯಾಲೆನ್ಸು, ಸೈಕಲ್ಲು ಅಂಥಾ ವಿಷಯಕ್ಕೆ ಅಂತ ಪಾಠದಲ್ಲಿ ಓದಿದ್ದಷ್ಟೇ. 2011ರಲ್ಲಿ ರೋಶ್‌ಫೋರ್ ಮತ್ತವರ ತಂಡ, ಕಿರುಮೆದುಳಿನ ಒಂದು ಬಗೆಯ ಕಲಿಕೆಯನ್ನ ಮಾತ್ರ ತಡೆದ ಇಲಿಗಳನ್ನ ಇಟ್ಕೊಂಡು ಅವುಗಳ ಹಿಪ್ಪೋಕ್ಯಾಂಪಸ್ ನೋಡಿದ್ರು. ಬೆಳಕಲ್ಲಿ ಪ್ಲೇಸ್ ಸೆಲ್‌ಗಳು ಸರಿಯಾಗೇ ಇದ್ವು. ದೀಪ ಆರಿಸಿ, ಬರೀ ತನ್ನ ಚಲನೆಯನ್ನೇ ನಂಬಿ ಹೋಗಬೇಕಾದಾಗ ಅವುಗಳ ಜಾಗದ ಗುರುತು ಕದಡಿಹೋಯ್ತು. ಹಿಪ್ಪೋಕ್ಯಾಂಪಸ್ಸನ್ನ ಯಾರೂ ಮುಟ್ಟಿಯೇ ಇರ್ಲಿಲ್ಲ, ನೆನಪಿಡಿ. ಒಳಕಿವಿಯ ಕಥೆಯೂ ಹೀಗೇ. ಎರಡೂ ಕಡೆ ಒಳಕಿವಿಯ ಬ್ಯಾಲೆನ್ಸ್ ನರಗಳು ಕೆಲಸ ಕಳ್ಕೊಂಡವರನ್ನ 2005ರಲ್ಲಿ ಜರ್ಮನಿಯಲ್ಲಿ ಪರೀಕ್ಷಿಸಿದಾಗ ಅವರ ಹಿಪ್ಪೋಕ್ಯಾಂಪಸ್ ಗಾತ್ರ ಉಳಿದವರಿಗಿಂತ ಸರಾಸರಿ 16.9 ಶೇಕಡಾ ಕಮ್ಮಿ ಇತ್ತು, ಜಾಗದ ನೆನಪೂ ಕುಗ್ಗಿತ್ತು. ನೆನಪಿನ ಅಂಗ ಅಂತ ನಾವು ಕರೆಯೋದು ಚಲನೆಯ ಸುದ್ದಿ ಬರೋದು ನಿಂತ್ರೆ ಸೊರಗುತ್ತೆ ಅಂತ ಇದನ್ನ ಓದ್ಕೋಬಹುದು. ಮರುಭೂಮಿಯ ಕ್ಯಾಟಗ್ಲಿಫಿಸ್ ಇರುವೆಗಳದ್ದು ಮಾತ್ರ ತಮಾಷೆಯ ಪ್ರಯೋಗ, 2006ರದ್ದು. ಆಹಾರ ಸಿಕ್ಕಿ ಗೂಡಿಗೆ ಹೊರಟ ಇರುವೆಗಳ ಕಾಲಿಗೆ ಹಂದಿ ಕೂದಲಿನ ಊರುಗೋಲು ಅಂಟಿಸಿದ್ರು, ಅವು ಗೂಡು ದಾಟಿ ಎಷ್ಟೋ ಮುಂದೆ ಹೋಗಿ ಹುಡುಕಾಡಿದ್ವು. ಕಾಲು ಗಿಡ್ಡ ಮಾಡಿದವು ಗೂಡಿಗಿಂತ ಮುಂಚೆಯೇ ನಿಂತ್ವು. ಎಲ್ಲಾ ಹೆಜ್ಜೆ ಲೆಕ್ಕ.

ಕಾಲಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಇಷ್ಟೇ ಆಗಿದ್ರೆ ಕಥೆ ಸುಲಭ ಇತ್ತು. ಆದ್ರೆ ದಿನಾ ನಡೆಯೋ ದಾರಿಯಲ್ಲಿ ಇನ್ನೊಂದು ಆಟ ನಡೆಯುತ್ತೆ. ಯಾರಾದ್ರೂ ನಿಲ್ಲಿಸಿ ಇಂಥಾ ಕಡೆ ಹೇಗೆ ಹೋಗಬೇಕು ಅಂತ ಕೇಳಿದ್ರೆ, ಅದು ದಿನಾ ಹೋಗೋ ಜಾಗವೇ ಆಗಿದ್ರೂ, ನನಗೆ ಹೇಳೋಕೆ ಬರಲ್ಲ. ಮೂರನೇ ಎಡವೋ ನಾಲ್ಕನೇ ಎಡವೋ ಗೊತ್ತಿಲ್ಲ, ಬನ್ನಿ ತೋರಿಸ್ತೀನಿ ಅನ್ನಬೇಕಾಗುತ್ತೆ, ನಡೆಯೋಕೆ ಶುರು ಮಾಡಿದ್ರೆ ಕಾಲು ತಾನೇ ತಿರುಗುತ್ತೆ. ಇದು ಹಿಪ್ಪೋಕ್ಯಾಂಪಸ್ಸಿನ ಕೆಲಸ ಅಲ್ಲ. ಮೆದುಳಿನ ಒಳಗೆ ಸ್ಟ್ರಯೇಟಮ್ ಅಂತ ಇದೆ, ಅದರ ಒಂದು ಭಾಗ ಕಾಡೇಟ್, ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೀನ್ ಅನ್ನೋ ರಾಸಾಯನಿಕ ಕಮ್ಮಿಯಾಗಿ ತೊಂದರೆಗೆ ಬೀಳೋದು ಇದೇ ವ್ಯವಸ್ಥೆ. ಚಲನೆ ಮತ್ತೆ ಅಭ್ಯಾಸ ಇವೆರಡೂ ಇಲ್ಲಿ ಹೆಣೆದುಕೊಂಡಿವೆ.

ಈ ಎರಡು ವ್ಯವಸ್ಥೆಗಳ ಸಂಬಂಧವನ್ನ ಬಹಳ ಚೆನ್ನಾಗಿ ತೋರಿಸಿದ್ದು 1996ರ ಪ್ಯಾಕರ್ಡ್ ಮತ್ತೆ ಮೆಕ್‌ಗಾ ಪ್ರಯೋಗ, ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಚೊಕ್ಕವಾದ್ದು ಇನ್ನೊಂದು ಸಿಕ್ಕಿಲ್ಲ. ಪ್ಲಸ್ ಆಕಾರದ ದಾರಿ. ಇಲಿಯನ್ನ ಯಾವಾಗಲೂ ಒಂದೇ ತುದಿಯಿಂದ ಬಿಡ್ತಾರೆ, ಆಹಾರ ಯಾವಾಗಲೂ ಒಂದೇ ತೋಳಲ್ಲಿ. ಅದು ಬೇಗ ಕಲಿಯುತ್ತೆ. ಆದ್ರೆ ಏನು ಕಲೀತು? ಆಹಾರ ಆ ಜಾಗದಲ್ಲಿದೆ ಅಂತಲಾ, ಇಲ್ಲಾ ಇಂಥಾ ಕಡೆ ತಿರುಗಬೇಕು ಅಂತಲಾ? ತಿಳ್ಕೊಳ್ಳೋಕೆ ಎದುರು ತುದಿಯಿಂದ ಬಿಡ್ತಾರೆ. ಜಾಗ ಕಲಿತಿದ್ರೆ ಉಲ್ಟಾ ತಿರುಗಿ ಅದೇ ಜಾಗಕ್ಕೆ ಹೋಗುತ್ತೆ, ತಿರುಗೋದನ್ನ ಕಲಿತಿದ್ರೆ ಹಳೇ ಕಡೆಗೇ ತಿರುಗಿ ತಪ್ಪು ತೋಳಿಗೆ ಹೋಗುತ್ತೆ. 8ನೇ ದಿನ ಇಲಿಗಳು ಜಾಗಕ್ಕೆ ಹೋದ್ವು. 16ನೇ ದಿನ ಹಳೇ ತಿರುವಿಗೇ ತಿರುಗಿದ್ವು. ಇಷ್ಟಕ್ಕೆ ನಿಲ್ಲಿಸಿದ್ರೆ ಜಾಗದ ನೆನಪು ಅಳಿಸಿ ಅಭ್ಯಾಸ ಬಂತು ಅಂದ್ಕೋಬಹುದಿತ್ತು. ಅವರು ಮರಗಟ್ಟಿಸೋ ಔಷಧಿ ಲಿಡೊಕೇನ್ ಹಾಕಿ ಒಂದೊಂದೇ ಭಾಗ ಸ್ವಲ್ಪ ಹೊತ್ತು ಮಲಗಿಸಿ ನೋಡಿದ್ರು. 8ನೇ ದಿನ ಹಿಪ್ಪೋಕ್ಯಾಂಪಸ್ ಮಲಗಿಸಿದ್ರೆ ಇಲಿಗೆ ಯಾವ ಕಡೆ ಹೋಗಬೇಕು ಅಂತಾನೇ ತಿಳೀಲಿಲ್ಲ, ಅಭ್ಯಾಸ ಇನ್ನೂ ಹುಟ್ಟಿರ್ಲಿಲ್ಲ. 16ನೇ ದಿನ ಕಾಡೇಟ್ ಮಲಗಿಸಿದ್ರೆ, ತಿರುವಿನ ಅಭ್ಯಾಸ ಬಿಟ್ಟು ಮತ್ತೆ ಜಾಗ ಹುಡುಕ್ಕೊಂಡು ಹೋದ್ವು! ಹಳೇ ನಕ್ಷೆ ಎಲ್ಲೂ ಹೋಗಿರ್ಲಿಲ್ಲ, ಅದರ ಮಾತು ಕೇಳಿಸ್ತಿರ್ಲಿಲ್ಲ ಅಷ್ಟೇ.

ದಿನಾ ಹೋಗೋ ರಸ್ತೆ ಅಗೆದು ಹಾಕಿ, ಬೇರೆ ಕಡೆಯಿಂದ ಹೋಗಿ ಅಂದಾಗ ಒಂದು ಕ್ಷಣ ತಲೆ ಬ್ಲಾಂಕ್ ಆಗಿ ಆಮೇಲೆ ನಿಧಾನಕ್ಕೆ, ಓ ಆ ಕಡೆಯಿಂದ ಬಳಸಿದ್ರೆ ಸಿಗುತ್ತೆ ಅಂತ ಹೊಳೆಯುತ್ತಲ್ಲ, ಆ ಕ್ಷಣದಲ್ಲಿ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ತಿರುತ್ತೆ ಅಂತ ನನಗನ್ಸುತ್ತೆ.

ಇಲ್ಲಿ ಸಾಮಾನ್ಯವಾಗಿ ಲಂಡನ್ ಟ್ಯಾಕ್ಸಿ ಡ್ರೈವರ್‌ಗಳ ಕಥೆ ಬರುತ್ತೆ. ಸುಮಾರು 25,000 ರಸ್ತೆ ಬಾಯಿಪಾಠ, ಲೈಸೆನ್ಸಿಗೆ ಮೂರ್ನಾಲ್ಕು ವರ್ಷದ ತಯಾರಿ, ಎಲೀನರ್ ಮಗ್ವಾಯರ್ ಅನ್ನೋ ಸಂಶೋಧಕಿ 2000ದಲ್ಲಿ ತೋರಿಸಿದ ಹಾಗೆ ಹಿಪ್ಪೋಕ್ಯಾಂಪಸ್ಸಿನ ಹಿಂಭಾಗ ದೊಡ್ಡದು. ಜನ ಅಲ್ಲಿಗೆ ನಿಲ್ಲಿಸ್ತಾರೆ. ನನಗೆ ಹೆಚ್ಚು ಹಿಡಿಸಿದ್ದು 2006ರಲ್ಲಿ ಅವರೇ ಬಸ್ ಡ್ರೈವರ್‌ಗಳ ಜೊತೆ ಹೋಲಿಸಿ ನೋಡಿದ್ದು. ಅದೇ ಊರು, ಅದೇ ಟ್ರಾಫಿಕ್ಕು, ಅಷ್ಟೇ ವರ್ಷದ ಅನುಭವ, ಆದ್ರೆ ಗೊತ್ತುಪಡಿಸಿದ ರೂಟು. ಬಸ್ಸಿನವರಲ್ಲಿ ಆ ಬೆಳವಣಿಗೆ ಇರ್ಲಿಲ್ಲ. ಹಾಗಾದ್ರೆ ನಾನು ಮೇಲೆ ಹೇಳಿದ್ದಕ್ಕೆ ಏನರ್ಥ, ಬಸ್ಸಿನವರೂ ಸ್ಟೀರಿಂಗ್ ಹಿಡಿದವರೇ ತಾನೇ? ಇದು ನನ್ನ ವಾದಕ್ಕೆ ಸ್ವಲ್ಪ ಇರುಸುಮುರುಸು ಮಾಡೋ ಸಂಗತಿ, ಒಪ್ಕೋತೀನಿ. ಚಲನೆ ಇಲ್ದೆ ನಕ್ಷೆ ಸರಿಯಾಗಿ ಹುಟ್ಟಲ್ಲ, ಆದ್ರೆ ಚಲನೆ ಒಂದೇ ತರ ಆಗಿಬಿಟ್ರೆ ಮೆದುಳು ಅದನ್ನ ಕಾಡೇಟ್‌ಗೆ ವಹಿಸಿಬಿಡುತ್ತೆ ಅಂತ ಸದ್ಯಕ್ಕೆ ನಾನು ಸಮಾಧಾನ ಮಾಡ್ಕೊಂಡಿದ್ದೀನಿ. ಅದರಲ್ಲಿ ಕೀಳು ಏನೂ ಇಲ್ಲ. ಪತ್ರಿಕೆಗಳಲ್ಲಿ ಹಿಪ್ಪೋಕ್ಯಾಂಪಸ್ ಅಂದ್ರೆ ಬುದ್ಧಿವಂತ, ಅಭ್ಯಾಸ ಅಂದ್ರೆ ದಡ್ಡ ಅನ್ನೋ ಧಾಟಿಯಲ್ಲಿ ಬರೀತಾರೆ, ಓದಿದಾಗಲೆಲ್ಲಾ ಸಿಟ್ಟು ಬರುತ್ತೆ. ಪ್ರತಿ ತಿರುವಿನಲ್ಲೂ ಯೋಚನೆ ಮಾಡ್ಕೊಂಡು ಬಸ್ ಓಡಿಸೋ ಡ್ರೈವರ್ ಹಿಂದೆ ಕೂರೋಕೆ ನನಗಂತೂ ಇಷ್ಟ ಇಲ್ಲ.

ಫೋನ್ ಹೇಳಿದ ಹಾಗೆ ತಿರುಗೋದ್ರ ಬಗ್ಗೆ ಹೆಚ್ಚು ಬರೆಯಲ್ಲ, ಅದು ಎಲ್ಲರೂ ಬರೆದು ಸವೆದಿರೋ ವಿಷಯ. 2017ರಲ್ಲಿ ಲಂಡನ್ನಿನ ಸೋಹೋ ಬೀದಿಗಳನ್ನ ಪರದೆ ಮೇಲೆ ತೋರಿಸಿ ಮಾಡಿದ ಅಧ್ಯಯನದಲ್ಲಿ, ದಾರಿ ತಾವೇ ಹುಡುಕುವಾಗ ಹೊಸ ಬೀದಿಗೆ ಬಂದ ಕೂಡಲೇ ಹಿಪ್ಪೋಕ್ಯಾಂಪಸ್ ಚುರುಕಾಗ್ತಿತ್ತು, ಸೂಚನೆ ಕೇಳ್ಕೊಂಡು ಹೋದಾಗ ಆಗ್ತಿರ್ಲಿಲ್ಲ. ಫೋನ್ ತಗೊಂಡು ನಡೆಯೋರು ನಿರ್ಧಾರ ಕಳ್ಕೊತಾರೆ, ಹಿಂದಿನ ಸೀಟಿನವರು ಹೆಜ್ಜೆ ಕಳ್ಕೊತಾರೆ. ಎರಡನ್ನೂ ಒಂದೇ ಅಂತ ಸೇರಿಸಿ ಬೈಯ್ಯೋದು ಬೇಡ ಅಂತಷ್ಟೇ.

ಮಲಗಿಸಿ ಕೇಳಿದ್ರೆ ಹೇಗೆ

ಒಂದು ಗುಮಾನಿ ಮಾತ್ರ ಹೋಗ್ತಾ ಇಲ್ಲ. ಮನುಷ್ಯರ ಮೆದುಳು ದಾರಿ ಹೇಗೆ ಹುಡುಕುತ್ತೆ ಅಂತ ನಮಗೆ ಗೊತ್ತಿರೋದ್ರಲ್ಲಿ ಬಹಳಷ್ಟು, ಮೇಲಿನ ಸೋಹೋ ಅಧ್ಯಯನವೂ ಸೇರಿ, ಸ್ಕ್ಯಾನರ್ ಒಳಗೆ ತಲೆ ಅಲ್ಲಾಡಿಸದೆ ಅಂಗಾತ ಮಲಗಿ ಪರದೆ ನೋಡಿದವರಿಂದ ಬಂದಿದ್ದು. ಕಾಲು ಸುಮ್ಮನೆ, ಒಳಕಿವಿ ಸುಮ್ಮನೆ. ಮೇಲೆ ಹೇಳಿದ ತಳ್ಳುಗಾಡಿಯ ಇಲಿಗಿಂತಲೂ ಕಟ್ಟಿಹಾಕಿದ ಸ್ಥಿತಿ. ಟೌಬ್ ಮತ್ತವರ ಜೊತೆಯವರು 2013ರಲ್ಲೇ ಇದನ್ನ ನಿಜವಾಗಿಯೂ ದಾರಿ ಹುಡುಕೋದು ಅನ್ನಬಹುದಾ ಅಂತ ಪ್ರಶ್ನೆ ಎತ್ತಿದ್ರು. ಪೂರ್ತಿ ತಳ್ಳಿಹಾಕೋಕೆ ಆಗಲ್ಲ, ಹಿಂದೆ ನಡೆದಾಡಿದ ಅನುಭವದಿಂದ ಮಲಗಿದ್ದಾಗಲೂ ಮೆದುಳು ನಡಿಗೆಯನ್ನ ಕಲ್ಪಿಸ್ಕೊಳ್ಳುತ್ತೆ. ಆದ್ರೂ ಅರ್ಧ ಯಂತ್ರ ಆಫ್ ಮಾಡಿ ಉಳಿದರ್ಧ ಹೇಗೆ ಓಡುತ್ತೆ ಅಂತ ನೋಡಿದ ಹಾಗಾಯ್ತು.

ಇದು ಲ್ಯಾಬಿನವರ ಜಗಳ ಅಂತ ಬಿಡೋಕೂ ಆಗಲ್ಲ, ಯಾಕಂದ್ರೆ ಅಲ್ಜೈಮರ್ ಕಾಯಿಲೆ ಮೊದಲು ಕೈ ಹಾಕೋ ಜಾಗಗಳಲ್ಲಿ ಗ್ರಿಡ್ ಸೆಲ್‌ಗಳಿರೋ ಎಂಟೊರೈನಲ್ ಕಾರ್ಟೆಕ್ಸೂ ಒಂದು. ಗೊತ್ತಿರೋ ಕಡೆ ದಾರಿ ತಪ್ಪೋದು ಶುರುವಿನ ಲಕ್ಷಣಗಳಲ್ಲಿ ಒಂದಾಗಿರೋದು ಹಾಗಾಗಿ. 2019ರಲ್ಲಿ ಕೇಂಬ್ರಿಡ್ಜ್‌ನ ಡೆನ್ನಿಸ್ ಚಾನ್ ಮತ್ತವರ ತಂಡ ಪ್ರಕಟಿಸಿದ ಪರೀಕ್ಷೆ ತುಂಬಾ ಸರಳ. ವಿಆರ್ ಹೆಡ್‌ಸೆಟ್ ಹಾಕ್ಕೊಂಡು ನಿಜವಾಗಿ ನಡೀಬೇಕು. ಒಂದು ಗುರುತು ಕಾಣುತ್ತೆ, ಅಲ್ಲಿಗೆ ಹೋದ್ರೆ ಅದು ಮಾಯ ಆಗಿ ಎರಡನೇದು, ಅಲ್ಲಿಂದ ಮೂರನೇದು, ಆಮೇಲೆ ಮೊದಲನೇದು ಎಲ್ಲಿತ್ತೋ ಅಲ್ಲಿಗೆ ವಾಪಸ್ ಬಂದು ನಿಲ್ಲಿ ಅಂತಾರೆ. ಕೆಲವು ಸಲ ದೂರದ ಗುರುತುಗಳನ್ನೂ ಅಳಿಸಿರ್ತಾರೆ, ಆಗ ಬರೀ ಹೆಜ್ಜೆ ಲೆಕ್ಕವೇ ಗತಿ. ಮರೆವಿನ ತೊಂದರೆ ಶುರುವಾಗಿದ್ದವರಲ್ಲಿ, ಬೆನ್ನುಹುರಿಯ ದ್ರವದಲ್ಲಿ ಅಲ್ಜೈಮರ್ ಗುರುತು ಇದ್ದವರು ಇಲ್ಲದವರಿಗಿಂತ ಹೆಚ್ಚು ದೂರ ತಪ್ಪಿದ್ರು, ಕುರ್ಚಿಯಲ್ಲಿ ಕೂರಿಸಿ ಮಾಡೋ ಮಾಮೂಲಿ ಪರೀಕ್ಷೆಗಳಿಗಿಂತ ಇದು ಆ ಎರಡು ಗುಂಪನ್ನ ಚೆನ್ನಾಗಿ ಬೇರೆ ಮಾಡ್ತು.

ಇದು ಪ್ರತಿ ಕ್ಲಿನಿಕ್ಕಿಗೂ ಬರಬೇಕು ಅಂತ ನನ್ನಾಸೆ. ಬರೋದಾದ್ರೆ ಒಂದು ತೊಡಕು ಬಿಡಿಸ್ಕೊಂಡೇ ಬರಬೇಕು. ಈ ಪರೀಕ್ಷೆ ಬೇಕಾಗೋ ವಯಸ್ಸಲ್ಲೇ ಮಂಡಿ ನೋವು, ತಲೆ ಸುತ್ತು, ಕಿವಿ ಮಂದ ಎಲ್ಲಾ ಇರುತ್ತೆ, ಕುಂಟ್ಕೊಂಡು ನಡೆಯೋರ ಹೆಜ್ಜೆ ಲೆಕ್ಕ ತಪ್ಪಿದ್ರೆ ಆ ತಪ್ಪು ಎಂಟೊರೈನಲ್ ಕಾರ್ಟೆಕ್ಸಿಂದು ಅಂತಲೋ, ಒಳಕಿವಿದು ಅಂತಲೋ, ಇಲ್ಲಾ ಮಂಡಿದು ಅಂತಲೋ ಬರೆದ್ಕೊಳ್ಳೋದು? ಚಲನೆಗೂ ನೆನಪಿಗೂ ಇಷ್ಟು ಗಂಟು ಬಿದ್ದಿರುವಾಗ ಒಂದನ್ನ ಅಳೆಯೋಕೆ ಹೋಗಿ ಇನ್ನೊಂದನ್ನ ಅಳೆದು ಬರೋ ಸಾಧ್ಯತೆ ಇದ್ದೇ ಇದೆ, ನಡಿಗೆಯನ್ನೂ ಒಳಕಿವಿಯನ್ನೂ ಬೇರೆಯಾಗಿ ಪರೀಕ್ಷೆ ಮಾಡಿ ಪಕ್ಕದಲ್ಲಿಟ್ಟು ನೋಡದೆ ಬರೀ ಎಷ್ಟು ಮೀಟರ್ ತಪ್ಪಿದ್ರು ಅಂತ ಒಂದು ಅಂಕಿ ಬರೆದು ಯಾರ ಕೈಗೂ ಕೊಡಬಾರದು.